ಕದ್ದವರ ಸುದ್ದಿಗೆ ಕಳಕೊಂಡವರ ಹೆಸರು

2024ರ ಜೂನ್ ತಿಂಗಳಲ್ಲಿ ಕನ್ನಡ ಪತ್ರಿಕೆಗಳಲ್ಲಿ ಎರಡು ಹೆಸರುಗಳು ಓಡಾಡಿದವು. ಒಂದು ವಾಲ್ಮೀಕಿ, ಇನ್ನೊಂದು ಪುಷ್ಪಕ. ವಾಲ್ಮೀಕಿ ಅಂದರೆ ರಾಮಾಯಣ ಬರೆದ ಕವಿಯಲ್ಲ, ಒಂದು ಹಗರಣ. ಪುಷ್ಪಕ ಅಂದರೆ ಆ ಕವಿಯ ಕಾವ್ಯದೊಳಗಿನ ವಿಮಾನವಲ್ಲ, ಇಸ್ರೋ ಸಂಸ್ಥೆಯ ರೆಕ್ಕೆ ವಾಹನ. ಜೂನ್ 23ರ ಬೆಳಿಗ್ಗೆ ಹೆಲಿಕಾಪ್ಟರೊಂದು ಅದನ್ನು ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿ ಕಟ್ಟಿರುವ ರನ್‌ವೇ ಮೇಲೆ ಬಂದು ಕೂತಿತು. ದೇಶಕ್ಕೆ ಹೆಮ್ಮೆ ಅಂತ ಬರೆದರು. ಇರಲಿ.

ಈ ಎರಡೂ ಸುದ್ದಿಗೆ ವಾರಸುದಾರರು ಒಂದೇ ಜನ. ಆ ಕಾವಲಿನಲ್ಲಿ ತಲೆಮಾರುಗಳಿಂದ ದನ ಕುರಿ ಮೇಯಿಸಿದವರು, ವಾಲ್ಮೀಕಿ ನಿಗಮದ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರು, ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ನಾಯಕರ ಹಟ್ಟಿಗಳವರು. ಎರಡೂ ಸುದ್ದಿಯಲ್ಲಿ ಅವರು ಇರಲಿಲ್ಲ. ಅವರ ಹೆಸರಿತ್ತು, ಅವರ ನೆಲವಿತ್ತು, ಅವರಿರಲಿಲ್ಲ.

ಪತ್ರಿಕೆಗಳು ಈ ಹಗರಣವನ್ನು ಮುಚ್ಚಿಟ್ಟವು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ದಿನಾ ಬರೆದವು, ಪುಟಗಟ್ಟಲೆ ಬರೆದವು. ಎಲ್ಲಿ ನಿಂತು ಬರೆದವು ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ನಡೆದದ್ದನ್ನು ಚುಟುಕಾಗಿ ನೆನೆಯೋಣ. 2024ರ ಮೇ 26ರಂದು ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಾಧೀಕ್ಷಕರೊಬ್ಬರು ಶಿವಮೊಗ್ಗದ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಚೀಟಿಯಿಂದ ನಿಗಮದ 187.33 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದದ್ದು, ಅದರಲ್ಲಿ 88.62 ಕೋಟಿ ಯಾವ್ಯಾವುದೋ ಕಂಪನಿಗಳ ಖಾತೆಗೆ, ಹೈದರಾಬಾದಿನ ಒಂದು ಸಹಕಾರ ಸಂಘದ ಖಾತೆಗಳಿಗೆ ಹರಿದುಹೋದದ್ದು ಹೊರಬಿತ್ತು. ಜೂನ್ 6ರಂದು ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಜುಲೈ 12ರಂದು ಇ.ಡಿ. ಅವರನ್ನು ಬಂಧಿಸಿತು. ಅದೇ ತಿಂಗಳು ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೋಗಿರುವುದು 187 ಅಲ್ಲ, 89.63 ಕೋಟಿ ಎಂದರು. ಸೆಪ್ಟೆಂಬರಿನಲ್ಲಿ ಇ.ಡಿ. ಆರೋಪಪಟ್ಟಿ ಬಂತು: 20.19 ಕೋಟಿ ರೂಪಾಯಿ ಬಳ್ಳಾರಿ ಲೋಕಸಭಾ ಚುನಾವಣೆಗೆ ಖರ್ಚಾಗಿದೆ ಎಂದು ಅದರ ಆರೋಪ. ಅಕ್ಟೋಬರಿನಲ್ಲಿ ನಾಗೇಂದ್ರರಿಗೆ ಜಾಮೀನಾಯಿತು. 2025ರ ಜೂನಿನಲ್ಲಿ ಬಳ್ಳಾರಿ ಸಂಸದರು ಮತ್ತು ಆ ಕಡೆಯ ಕೆಲವು ಶಾಸಕರ ಮನೆಗಳ ಮೇಲೆ ದಾಳಿಯಾಯಿತು. ಕದ್ದವರು ಯಾರು ಎಂಬುದನ್ನು ನ್ಯಾಯಾಲಯ ಹೇಳಬೇಕು. ಆದರೆ ಕಳಕೊಂಡವರು ಯಾರು ಎಂದು ಹೇಳುವುದಕ್ಕೆ ಯಾವ ನ್ಯಾಯಾಲಯವೂ ಬೇಕಿಲ್ಲ. ಅದನ್ನು ಪತ್ರಿಕೆಗಳೇ ಹೇಳಬಹುದಿತ್ತು.

ಆ ದಿನಗಳಲ್ಲಿ ಪತ್ರಿಕೆಗಳ ಪಕ್ಷಪಾತದ ಬಗ್ಗೆ ಮಾತು ಬೇಕಾದಷ್ಟು ನಡೆಯಿತು. ಟೀ ಅಂಗಡಿಯಲ್ಲಿ ಕಾಂಗ್ರೆಸ್ ಕಡೆಯವರು, ಇ.ಡಿ. ಬಿಟ್ಟ ಮಾತನ್ನೇ ಇವರು ತೀರ್ಪು ಅನ್ನೋ ಹಂಗೆ ಅಚ್ಚು ಹಾಕ್ತಾರೆ ಅಂದರು. ಬಿಜೆಪಿ ಕಡೆಯವರು, ಸರ್ಕಾರದ ಜಾಹೀರಾತು ತಿಂದ ಪತ್ರಿಕೆಗಳು ಮೆತ್ತಗೆ ಬರೀತಾವೆ ಅಂದರು. ಎರಡರಲ್ಲೂ ಅಷ್ಟಿಷ್ಟು ನಿಜ ಇದ್ದೀತು. ಆದರೆ ಗೆಳೆಯರೆ, ಈ ಜಗಳ ನಮ್ಮದಲ್ಲ. ಯಾವ ಪತ್ರಿಕೆ ಯಾವ ಪಕ್ಷದ ಕಡೆ ವಾಲಿತು ಎಂದು ಅಳೆಯುವವರು ಅಳೆಯಲಿ. ಎರಡು ಪಕ್ಷಗಳ ನಡುವಿನ ನೆಲವನ್ನೇ ಇಡೀ ಜಗತ್ತು ಅಂದುಕೊಂಡ ಪತ್ರಿಕೆ ಅತ್ತ ವಾಲಿದರೂ ಇತ್ತ ವಾಲಿದರೂ ಮೊಳಕಾಲ್ಮೂರಿನ ಹಟ್ಟಿಯಿಂದ ಅಷ್ಟೇ ದೂರ. 187 ಹೋಯಿತೋ 89 ಹೋಯಿತೋ ಎಂಬ ವಾದಕ್ಕೆ ಸಿಕ್ಕ ಜಾಗ ನೋಡಿದಿರಲ್ಲ. ಕದ್ದದ್ದು ಅರ್ಧ ಮಾತ್ರ ಎಂಬುದು ಸರ್ಕಾರದ ಸಮರ್ಥನೆಯಾಯಿತು, ವಿರೋಧ ಪಕ್ಷಕ್ಕೆ ಗೆಲುವಾಯಿತು, ಪತ್ರಿಕೆಗೆ ಶೀರ್ಷಿಕೆಯಾಯಿತು. ಅರ್ಜಿ ಹಾಕಿದವನಿಗೆ ಏನಾಯಿತು?

ಈಗ ಹೆಸರಿನ ವಿಚಾರಕ್ಕೆ ಬರೋಣ. ಮೊದಲ ಕೆಲವು ದಿನ 'ವಾಲ್ಮೀಕಿ ನಿಗಮದ ಹಣ' ಎಂದಿತ್ತು. ಆಮೇಲೆ 'ವಾಲ್ಮೀಕಿ ನಿಗಮ ಹಗರಣ' ಆಯಿತು. ಬರಬರುತ್ತಾ 'ನಿಗಮ' ಬಿದ್ದುಹೋಗಿ 'ವಾಲ್ಮೀಕಿ ಹಗರಣ' ಎಂದೇ ನಿಂತಿತು. ಶೀರ್ಷಿಕೆಯ ಜಾಗ ಕಿರಿದು ಸ್ವಾಮಿ, ಮೂರಕ್ಷರ ಉಳಿದರೆ ಅಷ್ಟೇ ಲಾಭ ಅಂತ ಪತ್ರಿಕೆಯ ಗೆಳೆಯರು ಹೇಳುತ್ತಾರೆ. ಕೇಳಿದ್ದೇವೆ. ಅದೇ ಜುಲೈನಲ್ಲಿ ಮೈಸೂರಿನ ನಿವೇಶನಗಳ ವಿಚಾರ ಬಂದಾಗ ಅದು 'ಮುಡಾ ಹಗರಣ' ಆಯಿತು. ಮುಡಾ ಒಂದು ಕಚೇರಿಯ ಹೆಸರು. ಮೈಸೂರಿನಲ್ಲಿ ಯಾವ ತಾಯಿಯೂ ಮಗನನ್ನು ಮುಡಾ ಎಂದು ಕರೆಯುವುದಿಲ್ಲ, ಯಾವ ಶಾಲೆಯ ದಾಖಲೆ ಪುಸ್ತಕದಲ್ಲೂ ಜಾತಿಯ ಕಾಲಂನಲ್ಲಿ ಮುಡಾ ಎಂದು ಬರೆಯುವುದಿಲ್ಲ. ವಾಲ್ಮೀಕಿ ಹಾಗಲ್ಲ. ಅದು ಲಕ್ಷಾಂತರ ಜನ ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಬೇಡ ಅನ್ನಿಸಿಕೊಂಡು, ಬ್ಯಾಡರು ಅನ್ನಿಸಿಕೊಂಡು, ಆ ಪದಗಳಿಗೆ ಊರವರು ಹಚ್ಚಿದ ಕೆಸರನ್ನು ತೊಳೆದುಕೊಳ್ಳಲು ಆರಿಸಿಕೊಂಡ ಹೆಸರು. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ.

ಇನ್ನೊಂದು ಮಾತು. ಕವಿಯಾಗುವ ಮೊದಲು ವಾಲ್ಮೀಕಿ ದಾರಿಹೋಕರನ್ನು ಸುಲಿಯುತ್ತಿದ್ದ ಕಳ್ಳ ಎಂಬ ಕತೆಯನ್ನು ಪುರಾಣ ಹೇಳುವವರು ಇವತ್ತಿಗೂ ಬಿಟ್ಟಿಲ್ಲ. ಆ ಕತೆ ಕೇಳಿ ಬೆಳೆದ ಓದುಗನ ಕಣ್ಣಿಗೆ 'ವಾಲ್ಮೀಕಿ ಹಗರಣ' ಎಂಬ ಎರಡು ಪದ ಹೇಗೆ ಕಾಣುತ್ತದೆ ಎಂಬುದನ್ನು ಸುದ್ದಿಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಹಾಸ್ಟೆಲಿನ ಹುಡುಗರು ನಮಗೆ ಹೇಳಿದ್ದು ಇಷ್ಟು: ಕಾಲೇಜಿನಲ್ಲಿ ಜೊತೆಯವರು ನಗುನಗುತ್ತಾ, 'ಏನಪ್ಪಾ, ನಿಮ್ಮೋರು ಎಷ್ಟು ಕೋಟಿ ಹೊಡೆದ್ರಿ?' ಅಂತ ಕೇಳುತ್ತಿದ್ದರಂತೆ. ಲೂಟಿಯಾದದ್ದು ಆ ಹುಡುಗನ ಅಪ್ಪನ ಹಣ, ಉತ್ತರ ಕೊಡಬೇಕಾದವನು ಆ ಹುಡುಗ. ಇದನ್ನು ಪಕ್ಷಪಾತ ಅನ್ನದೆ ಏನೆನ್ನಬೇಕು? ಇದಕ್ಕೆ ಸಂಚು ಬೇಕಿಲ್ಲ, ಯಾರೂ ದುಡ್ಡು ಕೊಡಬೇಕಿಲ್ಲ. ಆ ಹುಡುಗ ಸುದ್ದಿಮನೆಯ ಮೇಜಿನ ಆಚೆ ಇಲ್ಲದಿದ್ದರೆ ಸಾಕು.

ಇಲ್ಲ ಅನ್ನುವುದಕ್ಕೆ ಲೆಕ್ಕವೂ ಇದೆ. 2006ರಲ್ಲಿ ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಉನ್ನತ ಹುದ್ದೆಗಳನ್ನು ಎಣಿಸಿದಾಗ ಒಬ್ಬ ದಲಿತ, ಒಬ್ಬ ಆದಿವಾಸಿ ಸಿಗಲಿಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಸುದ್ದಿಮನೆಗಳ 121 ನಾಯಕ ಸ್ಥಾನಗಳನ್ನು ನೋಡಿದರು. 106ರಲ್ಲಿ ಮೇಲ್ಜಾತಿಯವರು, ಪರಿಶಿಷ್ಟರು ಒಂದರಲ್ಲೂ ಇಲ್ಲ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಹೊರಡಿಸಿದಾಗ, ಕಾಸು ಕೊಟ್ಟರೂ ಅದರ ಜಾಹೀರಾತನ್ನು 'ಕೇಸರಿ' ಪತ್ರಿಕೆ ಹಾಕಲಿಲ್ಲ. ಇವತ್ತು ಜಾಹೀರಾತನ್ನಂತೂ ಹಾಕುತ್ತಾರೆ. ಪ್ರತಿ ವರ್ಷ ವಾಲ್ಮೀಕಿ ಜಯಂತಿಯ ದಿನ ಗಡ್ಡದ ಋಷಿ, ಪಕ್ಕದಲ್ಲಿ ಮುಖ್ಯಮಂತ್ರಿ, ಸಚಿವರ ಚಿತ್ರ. ಜಯಂತಿಗೊಮ್ಮೆ ಜಾಹೀರಾತಿನಲ್ಲಿ, ಕಳ್ಳತನವಾದಾಗೊಮ್ಮೆ ಶೀರ್ಷಿಕೆಯಲ್ಲಿ, ಉಳಿದ ದಿನ ಕಾಣೆ.

ನಿಗಮದ ಹಣ ಅಂದರೆ ಏನು ಎಂಬುದನ್ನು ಪಟ್ಟಣದ ಓದುಗರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾವು ಹೇಳುತ್ತೇವೆ. ಈ ನಿಗಮ ಕೊಡುವುದು ಗಂಗಾ ಕಲ್ಯಾಣದ ಕೊಳವೆಬಾವಿ, ಭೂಹೀನ ಹೆಂಗಸಿನ ಹೆಸರಿಗೆ ಕೊಳ್ಳುವ ತುಂಡು ಭೂಮಿ, ಸ್ವಂತ ಉದ್ಯೋಗಕ್ಕೆ ಸಾಲ. ಮೊಳಕಾಲ್ಮೂರು, ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಶೇಂಗಾ ಬಿತ್ತಿ ಆಕಾಶ ನೋಡುವ ಸೀಮೆ. ಇಲ್ಲಿ ಎರಡೆಕರೆ ಇರುವವನಿಗೆ ಕೊಳವೆಬಾವಿ ಅಂದರೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗದೆ ಊರಲ್ಲಿ ಉಳಿಯುವ ದಾರಿ. ಒಂದು ಬಾವಿಯ ಘಟಕ ವೆಚ್ಚ ನಮ್ಮ ಜಿಲ್ಲೆಯಲ್ಲಿ ಸುಮಾರು ಮೂರೂಮುಕ್ಕಾಲು ಲಕ್ಷ. 88.62 ಕೋಟಿಯನ್ನು ಅದರಿಂದ ಭಾಗಿಸಿ ನೋಡ್ರಿ. 2,300ಕ್ಕೂ ಮೇಲೆ ಬಾವಿ. ಏಳನೇ ತರಗತಿಯ ಮಗು ಮಾಡುವ ಭಾಗಾಕಾರ. ನಾವು ಓದಿದ ಯಾವ ವರದಿಯಲ್ಲೂ ಈ ಭಾಗಾಕಾರ ಕಾಣಲಿಲ್ಲ. ಎಷ್ಟು ಕುರ್ಚಿ ಅಲುಗಾಡಿತು ಎಂಬ ಲೆಕ್ಕ ಮಾತ್ರ ಇತ್ತು. ಮಂತ್ರಿ ಹೋದರೆ ಮೊದಲ ಪುಟ, ಮುಖ್ಯಮಂತ್ರಿ ಹೋಗುವಂತಿದ್ದರೆ ಇಡೀ ಪತ್ರಿಕೆ, ಬಾವಿ ಹೋದರೆ ಏನೂ ಇಲ್ಲ.

ಮುಖ್ಯಮಂತ್ರಿಯ ಕುರ್ಚಿಯ ಮಾತು ಬಂತಲ್ಲ, ಅದನ್ನೂ ಮುಗಿಸೋಣ. 2024ರ ಆಗಸ್ಟ್ 3ರಿಂದ 10ರವರೆಗೆ ಬಿಜೆಪಿ ಮತ್ತು ಜೆಡಿಎಸ್ ಬೆಂಗಳೂರಿನಿಂದ ಮೈಸೂರಿಗೆ ಪಾದಯಾತ್ರೆ ಮಾಡಿದವು. ಮುಖ್ಯಮಂತ್ರಿಯ ಪತ್ನಿಗೆ ಸಿಕ್ಕ 14 ನಿವೇಶನಗಳು ಅದರ ಮುಖ್ಯ ವಿಷಯ. ಪತ್ರಿಕೆಗಳೂ ಜೊತೆಯಲ್ಲಿ ನಡೆದವು. ವಾಲ್ಮೀಕಿ ನಿಗಮದ ವಿಚಾರಕ್ಕೇ ಕೂಡಲಸಂಗಮದಿಂದ ಬಳ್ಳಾರಿಗೆ ನಡೆಯುತ್ತೇವೆ ಎಂದು ಬಿಜೆಪಿಯ ಅತೃಪ್ತರು ಹೇಳಿದರು. ಅದು ಹೇಳಿಕೆಯಾಗಿಯೇ ಉಳಿಯಿತು. ಪತ್ರಿಕೆಗಳು ಅದನ್ನು ಬರೆದದ್ದೂ ಆ ಪಕ್ಷದ ಒಳಜಗಳ ಎಂದೇ. ಪಾದಯಾತ್ರೆ ಹೋದ ದಾರಿಯಲ್ಲೇ ಸುದ್ದಿಯೂ ಹೋಗಬೇಕು ಎಂಬುದು ಯಾವ ಊರಿನ ನಿಯಮ? ನಾಯಕರು ನಡೆಯದಿದ್ದರೆ ವರದಿಗಾರನೇ ಒಂದು ಬಸ್ಸು ಹತ್ತಿ ರಾಂಪುರಕ್ಕೋ ತಳಕಿಗೋ ಬಂದು ಇಳಿಯಬಹುದಿತ್ತು.

ನಮ್ಮ ಚಳವಳಿಯ ಕೆಲವು ಗೆಳೆಯರು ಇಲ್ಲಿ ಬೇರೆ ರಾಗ ಹಾಡಿದರು. ಮುಖ್ಯಮಂತ್ರಿ ಹಿಂದುಳಿದವರು, ಮಂತ್ರಿ ನಾಯಕರು, ಅದಕ್ಕೇ ಮೇಲ್ಜಾತಿ ಪತ್ರಿಕೆಗಳು ಮೈಮೇಲೆ ಬಿದ್ದಿವೆ, ನಾವು ಇವರ ಪರ ನಿಲ್ಲಬೇಕು ಎಂದರು. ಪತ್ರಿಕೆಗಳು ಮೈಮೇಲೆ ಬಿದ್ದದ್ದರಲ್ಲಿ ಜಾತಿಯ ವಾಸನೆ ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಅರ್ಜಿ ಹಾಕಿ ಕೂತ ನಾಯಕನ ಹಣ ಹೋದಾಗ ಮಂತ್ರಿಯಾದ ನಾಯಕನ ಪರ ನಿಲ್ಲು ಅನ್ನುವುದು ಯಾವ ಬಂಡಾಯ? ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಲೋಕಸಭಾ ಕ್ಷೇತ್ರ. ಇ.ಡಿ. ಆರೋಪ ನಿಜವೇ ಆದರೆ, ಪಂಗಡದ ಬಡವನ ಬಾವಿಯ ಹಣದಲ್ಲಿ ಪಂಗಡದ ಮೀಸಲು ಕ್ಷೇತ್ರದ ವೋಟು ಕೊಂಡಂತಾಯಿತು. ಇದಕ್ಕಿಂತ ಅವಮಾನ ಬೇರೆ ಬೇಕೆ? ಇದನ್ನು ಮೊದಲು ಕೂಗಿ ಹೇಳಬೇಕಾದವರು ನಾವು. ನಾವು ಸುಮ್ಮನಿದ್ದು ಪತ್ರಿಕೆಯ ಪಕ್ಷಪಾತ ಅಂತ ಬೊಬ್ಬೆ ಹಾಕಿದರೆ ಅದು ಹಟ್ಟಿಯವರಿಗೆ ಕೇಳಿಸುವ ಬೊಬ್ಬೆಯಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. 2018ರಲ್ಲಿ ಬಳ್ಳಾರಿಯ ಶ್ರೀರಾಮುಲು ಮೊಳಕಾಲ್ಮೂರಿಗೆ ಬಂದು ಗೆದ್ದರು, ಮಂತ್ರಿಯಾದರು, 2023ಕ್ಕೆ ಬಳ್ಳಾರಿಗೆ ವಾಪಸು ಹೋದರು. ಬಂದಾಗಲೂ ಹೋದಾಗಲೂ ಸುದ್ದಿ ಅವರದ್ದೇ.

ಸರ್ಕಾರದ ಸುದ್ದಿ ಜನರ ತಲೆಯ ಮೇಲೆ ಹಾದುಹೋಗುವುದು ನಮ್ಮ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕ್ಷೇಮ ಕೇಳಿ, ರಾಜ ಹೀಗೆ ಹೇಳುತ್ತಾನೆ ಎಂದು ತಿಳಿಸುವ ಪತ್ರ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಗೆ ಬರೆದವನು ಚಪಡ ಎಂದು ತನ್ನ ಹೆಸರು ಹಾಕಿ, ತಾನು ಲಿಪಿಕಾರ ಎಂಬುದನ್ನು ಇಲ್ಲಿ ಯಾರೂ ಓದಲಾರದ ಖರೋಷ್ಠಿಯಲ್ಲಿ ಕೊರೆದ. ನಮ್ಮ ಸೀಮೆಯ ಮೊದಲ ಪತ್ರಿಕೆ ಅನ್ನಿ ಬೇಕಾದರೆ: ಅಧಿಕಾರಿ ಅಧಿಕಾರಿಗೆ ಬರೆದದ್ದು, ಊರವರಿಗೆ ಬಂಡೆ ಮಾತ್ರ ಕಂಡದ್ದು. ಇವತ್ತು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬ್ಯಾಂಕಿನ ಚೀಟಿಯಲ್ಲಿ ಇಂಗ್ಲಿಷ್ ಇರುವ ಹಟ್ಟಿಯವನಿಗೆ 'ಖಾತೆಯಿಂದ ಖಾತೆಗೆ ವರ್ಗಾವಣೆ' ಎಂಬ ಸುದ್ದಿ ಹೆಚ್ಚು ಕಡಿಮೆ ಆ ಖರೋಷ್ಠಿಯೇ.

ಪುಷ್ಪಕ ಇಳಿದ ಕಾವಲಿನ ಕತೆಯೂ ಹೀಗೇ ಇದೆ. 2008ರಿಂದ ಎರಡು ಮೂರು ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಡಿ.ಆರ್.ಡಿ.ಓ., ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮತ್ತು ಒಂದು ಖಾಸಗಿ ಸೋಲಾರ್ ಕಂಪನಿಗೆ ಹಂಚಿದರು. ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳು ಗೆರೆಯೊಳಗೆ ಹೋದವು. ಮ್ಯಾಸ ನಾಯಕರ ದೇವರೆತ್ತುಗಳು ಮೇಯುತ್ತಿದ್ದ ಹುಲ್ಲು, ಕಿಲಾರಿಗಳು ನಡೆದ ದಾರಿ, ಕುರಿಗಾರರ ನೆಲ. ಬೇಲಿ, ಗೋಡೆ ಏಳತೊಡಗಿದ ಮೇಲೆಯೇ ಎಷ್ಟೋ ಹಳ್ಳಿಗಳಿಗೆ ವಿಷಯ ಗೊತ್ತಾದದ್ದು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋದರು, 2014ರ ಆಗಸ್ಟಿನಲ್ಲಿ ತೀರ್ಪೂ ಬಂತು, ಯೋಜನೆ ನಿಲ್ಲಲಿಲ್ಲ. 2017ರ ಮೇ 28ರಂದು ಅರುಣ್ ಜೇಟ್ಲಿ ಬಂದು ವಿಮಾನ ಪರೀಕ್ಷಾ ಕೇಂದ್ರವನ್ನು ಉದ್ಘಾಟಿಸಿದರು. ಪತ್ರಿಕೆಗಳು ಇದಕ್ಕೆ ಇಟ್ಟ ಹೆಸರು 'ವಿಜ್ಞಾನ ನಗರಿ'. ಹಟ್ಟಿಯವರು ಪ್ರತಿಭಟಿಸಿದ ದಿನ ಸುದ್ದಿ ಜಿಲ್ಲಾ ಪುಟಕ್ಕೆ, ಗುದ್ದಲಿ ಪೂಜೆ, ಉದ್ಘಾಟನೆ ರಾಜ್ಯ ಪುಟಕ್ಕೆ. ಜಿಲ್ಲಾ ಪುಟವನ್ನು ಚಿತ್ರದುರ್ಗದವರು ಓದಿಕೊಳ್ಳಬೇಕು, ವಿಧಾನಸೌಧಕ್ಕೆ ಅದು ತಲುಪುವುದಿಲ್ಲ.

ಹಾಗಾದರೆ ಹಗರಣ ಎಂಬ ಪದಕ್ಕೆ ಪತ್ರಿಕೆಗಳ ನಿಘಂಟಿನಲ್ಲಿ ಅರ್ಥವೇನು? ಹಣ ದೊಡ್ಡವನೊಬ್ಬನ ಜೇಬಿಗೆ ಹೋಗಿ, ಇನ್ನೊಬ್ಬ ದೊಡ್ಡವನು ಅದನ್ನು ಕೂಗಿ ಹೇಳಿದರೆ ಅದು ಹಗರಣ. ಬಡವರಿಂದ ಸರ್ಕಾರವೇ ಆದೇಶ ಹೊರಡಿಸಿ ತೆಗೆದುಕೊಂಡರೆ ಅದು ಅಭಿವೃದ್ಧಿ, ಇಲ್ಲವೇ ಹಣಕಾಸು ಹೊಂದಾಣಿಕೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗಾಗಿ 2013ರ ಕಾಯ್ದೆಯ ಪ್ರಕಾರ ಮೀಸಲಿಟ್ಟ ಹಣದಲ್ಲಿ 2023-24ಕ್ಕೆ 11,144 ಕೋಟಿ, 2024-25ಕ್ಕೆ 14,282 ಕೋಟಿ ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಗ್ಯಾರಂಟಿಯ ಫಲ ಪರಿಶಿಷ್ಟರಿಗೂ ಸಿಗುತ್ತದೆ ಅಂತ ಸರ್ಕಾರದ ಉತ್ತರ. ಎಲ್ಲರಿಗೂ ಸಿಗುವುದನ್ನು ಇವರ ಪಾಲಿನಿಂದಲೇ ಯಾಕೆ ಕೊಡಬೇಕು? 88 ಕೋಟಿಗೆ ಒಬ್ಬ ಮಂತ್ರಿ ಹೋದರು. 14,282 ಕೋಟಿಗೆ ಬಜೆಟ್ಟಿನ ಒಂದು ಸಾಲು. ಎರಡೂ ಸುದ್ದಿ ಬಂದವು, ಆದರೆ ಒಂದು ತಿಂಗಳುಗಟ್ಟಲೆ ಬಂತು, ಇನ್ನೊಂದು ಬಂದು ಹೋಯಿತು. ವಿರೋಧ ಪಕ್ಷದವರು ಸದನದಲ್ಲಿ ಎದ್ದ ದಿನ ಬಂತು, ಕೂತ ದಿನ ಹೋಯಿತು.

ಹಳಬರಿಗೆ 1973ರ ನವೆಂಬರ್ ನೆನಪಿರುತ್ತದೆ. ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಆಡಿದ ಮಾತಿನಿಂದ 'ಬೂಸಾ' ಎಂಬ ಒಂದು ಪದವನ್ನು ಹೆಕ್ಕಿಕೊಂಡು ಗದ್ದಲವೆಬ್ಬಿಸಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಒಂದು ಪದದ ಹಿಂದಿದ್ದ ವಾದ, ದಲಿತ ಹುಡುಗ ಏನನ್ನು ಓದಬೇಕು ಎಂಬ ಪ್ರಶ್ನೆ, ಆ ಗದ್ದಲದಲ್ಲಿ ಯಾರಿಗೂ ಬೇಕಾಗಲಿಲ್ಲ. ಆ ಸಚಿವರಿಗೂ ಈ ಸಚಿವರಿಗೂ ಹೋಲಿಕೆ ಮಾಡುವ ಪಾಪಕ್ಕೆ ನಾವು ಹೋಗುವುದಿಲ್ಲ. ಅವರು ಹೇಳಿದ ಮಾತಿಗೆ ಕುರ್ಚಿ ಬಿಟ್ಟವರು. ಹೋಲಿಕೆ ಇರುವುದು ಶೀರ್ಷಿಕೆಯಲ್ಲಿ. ಅಂದು ಒಂದು ಪದ ಇಡೀ ಭಾಷಣವನ್ನು ನುಂಗಿತು, ಇಂದು ಒಂದು ಹೆಸರು ಇಡೀ ಕಳ್ಳತನವನ್ನು ನುಂಗಿದೆ.

ತಾಲ್ಲೂಕಿನ ಬಿಡಿ ಸುದ್ದಿಗಾರನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಬೈಗುಳವೆಲ್ಲ ಕೊನೆಗೆ ಅವನ ತಲೆಗೇ ಬರುತ್ತದೆ. ಅವನಿಗೆ ಸಂಬಳ ಅಂತ ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ಹಬ್ಬಕ್ಕೆ, ಜಯಂತಿಗೆ, ನಾಯಕರ ಹುಟ್ಟುಹಬ್ಬಕ್ಕೆ ಜಾಹೀರಾತು ತರಬೇಕು. ತರಬೇಕಾದದ್ದು ಯಾರಿಂದ? ಗಂಗಾ ಕಲ್ಯಾಣದ ಆಯ್ಕೆ ಸಮಿತಿಗೆ ಶಾಸಕರೇ ಅಧ್ಯಕ್ಷರು. ಬಾವಿ ಕೊರೆಯುವ ಗುತ್ತಿಗೆದಾರ ಅವರ ಹಿಂದೆಯೇ ಓಡಾಡುವವನು. ಜಾಹೀರಾತು ಇವರ ಕೈಯಿಂದ ಬರಬೇಕು, ಸುದ್ದಿ ಇವರ ಮೇಲೆ ಬರೆಯಬೇಕು. 'ಬರೀಬೌದು ಸಾರ್, ಆಮ್ಯಾಕೆ ಊರಾಗೆ ಇರಾದು ನಾನೇ ಅಲ್ವಾ' ಅಂತ ಒಬ್ಬ ಗೆಳೆಯ ಅಂದದ್ದುಂಟು. ಅವನನ್ನು ಹೇಡಿ ಅನ್ನಲು ನಮಗೆ ಮನಸ್ಸಿಲ್ಲ. ಬೆಂಗಳೂರಿನ ಮೇಜಿನ ಮೇಲೆ ಕೂತವನಿಗೆ ಆ ಭಯವಿಲ್ಲ, ಆದರೆ ಅವನಿಗೆ ಈ ಊರೂ ಇಲ್ಲ.

ಆದ್ದರಿಂದ ಪತ್ರಿಕೆಗಳಿಗೆ ಪತ್ರ ಬರೆದು ಕಾಯುವ ಬದಲು ಒಂದು ಕೆಲಸ ಮಾಡೋಣ ಅಂತ ನಮಗೆ ತೋಚಿದೆ. ಇದನ್ನು ಓದುತ್ತಿರುವ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗ ಹುಡುಗಿಯರು ಕೇಳಿಸಿಕೊಳ್ಳಿ. ನಿಮ್ಮ ತಾಲ್ಲೂಕಿನಲ್ಲಿ 2023-24, 2024-25ನೇ ಸಾಲಿನಲ್ಲಿ ವಾಲ್ಮೀಕಿ ನಿಗಮಕ್ಕೆ ಗಂಗಾ ಕಲ್ಯಾಣದ ಅರ್ಜಿ ಎಷ್ಟು ಬಂದವು, ಎಷ್ಟು ಮಂಜೂರಾದವು, ಎಷ್ಟು ಬಾವಿ ಕೊರೆದರು, ಎಷ್ಟಕ್ಕೆ ಕರೆಂಟು ಬಂತು ಎಂದು ನಿಗಮದ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು, ಇಲ್ಲವಾದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ. ಬಂದ ಉತ್ತರವನ್ನು, ಬಾರದಿದ್ದರೆ ಅರ್ಜಿಯ ಪ್ರತಿಯನ್ನೇ, ನಮಗೆ ಕಳಿಸಿ. ಅರ್ಜಿದಾರರ ಹೆಸರು ಬಿಟ್ಟು, ಹಟ್ಟಿಯ ಹೆಸರು ಹಾಕಿ, ಸಾಲು ಸಾಲಾಗಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಒಂದು ಸಂಚಿಕೆ ಸಾಲದಿದ್ದರೆ ಎರಡು ಸಂಚಿಕೆಯಲ್ಲಿ.